ಜೋಡಿ ಸೀನು

ಬ್ಯಾಡಗಿಯ ಸೊಸೆಗೆ ಮೆಣಸಿನಕಾಯಿ ಘಾಟು ಆಗಿಬರುವುದಿಲ್ಲ ಎಂದರೆ ಜನ ನಗದೆ ಇನ್ನೇನು ಮಾಡುತ್ತಾರೆ? ಹಾವೇರಿಯ ತವರಿನಲ್ಲಿ ನಾನು ಚೆನ್ನಾಗಿಯೇ ಇದ್ದೆ. ಇಲ್ಲಿ ಮಾರ್ಕೆಟ್ಟಿಗೆ ಚೀಲಗಳು ಬರತೊಡಗಿದರೆ ಸಾಕು, ಸುಗ್ಗಿ ಮುಗಿಯುವವರೆಗೂ ಸೀನು, ಕಟ್ಟಿದ ಮೂಗು, ಕಣ್ಣಲ್ಲಿ ನೀರು. "ನಮ್ಮ ಮನಿಗೆ ಅಲಾರಾಂ ಬ್ಯಾಡ, ನೀ ಅದಿ" ಎಂದು ಗಂಡನ ಚೇಷ್ಟೆ ಬೇರೆ.

ಅತ್ತೆಗೆ ಮಾತ್ರ ಅದು ಚೇಷ್ಟೆಯಲ್ಲ. ನಮ್ಮಲ್ಲಿ ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ. ಮೈದುನನ ಮದುವೆ ಮಾತುಕತೆಯಲ್ಲಿ ಹಿರಿಯರು ಇನ್ನೇನು "ಹೂಂ" ಅನ್ನಬೇಕು, ಅಷ್ಟರಲ್ಲಿ ಸೀನಿದೆ. ದಿನವಿಡೀ ಸಾಲುಸಾಲಾಗಿ ಬರುವ ದರಿದ್ರ ಸೀನು ಆಗ ಮಾತ್ರ ಒಂದಕ್ಕೇ ನಿಂತಿತು! ಎಲ್ಲರೂ ಎದ್ದು ನೀರು ಕುಡಿದು, ಕೂತು, ಮೊದಲಿಂದ ಮಾತು ಶುರು ಮಾಡಿದರು. ಆಮೇಲೆ ಶುಭಕಾರ್ಯದ ಮಾತು ಬಂತೆಂದರೆ ಅತ್ತೆ ನನ್ನನ್ನು ಅಡುಗೆಮನೆಗೆ ಕಳಿಸುತ್ತಿದ್ದರು. ಬೈಯುತ್ತಿರಲಿಲ್ಲ, ತಲೆ ಸವರಿಯೇ ಕಳಿಸುತ್ತಿದ್ದರು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಈ ವರ್ಷ ಮಗಳಿಗೆ ಸಂಬಂಧ ಕೂಡಿಬಂತು. ರಾಣೆಬೆನ್ನೂರಿನ ಬೀಗರು ಬಂದು ಕುಂಕುಮ ಹಚ್ಚಿ ಮಾತು ಗಟ್ಟಿ ಮಾಡುವುದೆಂದಾಯಿತು, ಅದೂ ಸುಗ್ಗಿಯಲ್ಲೇ. ಹೆತ್ತ ಮಗಳಿಗೆ ಕುಂಕುಮ ಹಚ್ಚುವಾಗ ನಾನು ಒಲೆ ಮುಂದೆ ಕೂರಬೇಕೇ? ಸಾಧ್ಯವೇ ಇಲ್ಲ. ಹಾವೇರಿಗೆ ಹೋಗಿ ಮೂಗಿನ ಡಾಕ್ಟರಿಗೆ ತೋರಿಸಿದೆ.

ಅವರು ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ, ನುಂಗುವ ಗುಳಿಗೆ ಎರಡನ್ನೂ ಬರೆದರು. "ಗುಳಿಗಿ ಸೀನು, ತುರಿಕಿ ಲಗೂ ಕಡಿಮಿ ಮಾಡತೈತಿ. ಸ್ಪ್ರೇ ಮೂಗಿನ ಒಳಗಿನ ಬಾವು ಇಳಸತೈತಿ, ಆದ್ರ ನಿಧಾನ. ಪೂರ್ತಿ ಗುಣ ಕಾಣಾಕ ವಾರ, ಎರಡು ವಾರ ಬೇಕು. ದಿನಾ ತಪ್ಪಸಬ್ಯಾಡ್ರಿ" ಎಂದರು.

ಮನೆಗೆ ಬಂದು ಸ್ಪ್ರೇ ತೆಗೆದರೆ ಅತ್ತೆ ಪಕ್ಕದಲ್ಲೇ ಹಾಜರು. ಸದಾ ಸೊಂಟದಲ್ಲಿ ತಪಕೀರಿನ ಡಬ್ಬಿ ಸಿಕ್ಕಿಸಿಕೊಂಡಿರುವ ಹೆಂಗಸು. ಚಿಟಿಕೆ ನಶ್ಯ ಏರಿಸಿ ಸೀನಿದರೇ ಅವರಿಗೆ ತಲೆ ಹಗುರ. ಆ ಸೀನು ಶಕುನಕ್ಕೆ ಲೆಕ್ಕವಿಲ್ಲವಂತೆ, ಅವರದೇ ಕಾನೂನು!

"ಹಂಗಲ್ಲವಾ, ತಲಿ ಮ್ಯಾಲ ಮಾಡಿ ಜೋರ್ ಎಳಿ!"

ಎಳೆದೆ. ಔಷಧವೆಲ್ಲ ಗಂಟಲಿಗಿಳಿದು ಬಾಯಿ ಕಹಿಯಾಯಿತು.

"ಒಂದ ಸೀನರೆ ಬಂತೇನು?"

"ಇಲ್ರಿ ಅತ್ತಿ."

"ಹಂಗಾರ ಡಾಕ್ಟರ ಬರೇ ನೀರು ಕೊಟ್ಟಾನ. ಸೀನ ಬರಲಾರದ್ದು ಎಂಥಾ ಔಷಧ!"

ಸೀನು ನಿಲ್ಲಿಸುವ ಔಷಧವನ್ನು ಸೀನು ಬರಲಿಲ್ಲವೆಂದು ಜರಿದ ಪುಣ್ಯಾತ್ಮರು ಲೋಕದಲ್ಲಿ ಇವರೊಬ್ಬರೇ ಇರಬೇಕು. ನಾನೂ ದಡ್ಡಿ, ಕೆಲವು ದಿನ ಹಾಗೇ ಎಳೆದೆ. ಕಟ್ಟಿದ ಮೂಗು ಬಿಡದೆ ಮತ್ತೆ ಹೋದಾಗ ಡಾಕ್ಟರು ನಗು ತಡೆಯಲಾರದೆ ಹೇಳಿದರು: "ತಲಿ ಸ್ವಲ್ಪ ಮುಂದ ಬಗ್ಗಸ್ರಿ, ಸ್ಪ್ರೇ ಮೂತಿ ಕಿವಿ ಕಡೆ ತಿರುಗಸ್ರಿ, ಮೆಲ್ಲಕ ಉಸುರು ತಗೋರಿ. ಅದು ತಪಕೀರಲ್ರಿ ತಾಯಿ."

ಅಂದಿನಿಂದ ಅತ್ತೆಯ ಕಣ್ಣು ತಪ್ಪಿಸಿ, ಬಚ್ಚಲ ಬಾಗಿಲು ಹಾಕಿಕೊಂಡು ಹೊಡೆದುಕೊಂಡೆ. ಗುಳಿಗೆಯನ್ನೂ ಬಿಡಲಿಲ್ಲ. ಬೀಗರು ಬರುವ ಹೊತ್ತಿಗೆ ಮೂಗು ತೆರೆದು, ಎಷ್ಟೋ ವರ್ಷಗಳ ಮೇಲೆ ಮೆಣಸಿನಕಾಯಿಯ ವಾಸನೆ ಬಂತು. ಬರೀ ಘಾಟಲ್ಲ, ವಾಸನೆ. ಚೆನ್ನಾಗಿಯೇ ಇತ್ತು.

ಅವತ್ತು ಅತ್ತೆ ನನ್ನ ಮೂಗನ್ನೇ ದಿಟ್ಟಿಸಿ, "ಖರೇನ ಕುಂದರ್ತಿಯೇನು?" ಎಂದರು.

"ಕುಂದರ್ತೇನ್ರಿ" ಎಂದು ಮಗಳ ಪಕ್ಕ ಜಮಖಾನೆಯ ಮೇಲೆ ಕೂತೇಬಿಟ್ಟೆ. ಬೀಗಿತಿ ಕುಂಕುಮದ ಬಟ್ಟಲಿಗೆ ಬೆರಳು ಅದ್ದಿದರು. ಮನೆಯವರ ಕಣ್ಣೆಲ್ಲ ನನ್ನ ಮೂಗಿನ ಮೇಲೆ.

"ಆಕ್ಷೀ!"

ಸೀನಿದ್ದು ನಾನಲ್ಲ, ಅತ್ತೆ! ನನ್ನ ಸೀನಿನ ಚಿಂತೆಗೆ ಸೆರಗಿನ ಮರೆಯಲ್ಲಿ ಒಂದು ಚಿಟಿಕೆ ಏರಿಸಿದ್ದರು. ಬೀಗಿತಿಯ ಬೆರಳು ಅಲ್ಲೇ ನಿಂತಿತು. ಹೊಸ ಬೀಗರ ಮುಂದೆ ತಪಕೀರಿನ ಸುದ್ದಿ ಎತ್ತುವಂತಿಲ್ಲ. ಅತ್ತೆ ಮೂಗು ಮೇಲೆತ್ತಿ ಇನ್ನೊಂದು ಸೀನಿಗೆ ಕಾದರು. ಬರಲಿಲ್ಲ. ನನ್ನ ಮೊಣಕೈ ತಿವಿದು ಪಿಸುಗುಟ್ಟಿದರು: "ನಮ್ಮವ್ವಾ, ನೀನೊಂದು ಸೀನ!"

ಎಲ್ಲಿಂದ ತರಲಿ? ಸ್ಪ್ರೇ, ಗುಳಿಗೆ ಕೂಡಿ ಸೀನಿನ ಸದ್ದಡಗಿಸಿದ್ದವು. ಬಾಯಿಂದಲೇ "ಆಕ್ಷೀ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

"ಜೋಡಿ ಆತು ಬಿಡ್ರಿ, ಚಲೋ ಆತು!" ಬೀಗಿತಿ ನಗುತ್ತ ಮಗಳ ಹಣೆಗೆ ಕುಂಕುಮ ಇಟ್ಟರು. ನನ್ನ ಕಣ್ಣಲ್ಲಿ ನೀರು ಬಂತು, ಘಾಟಿಗಲ್ಲ.

ಬಡಿಸುವ ಹೊತ್ತಾಯಿತೆಂದು ಅಡುಗೆಮನೆಗೆ ಏಳಹೋದೆ. ಅತ್ತೆ ಸೆರಗು ಹಿಡಿದು ಜಗ್ಗಿದರು.

"ಎಲ್ಲಿ ಹೊಂಟಿ? ನೀ ಇಲ್ಲೇ ಕುಂದರ."