ಒದರುವ ಯಂತ್ರ, ಸುಮ್ಮನಿರುವ ಯಂತ್ರ

ಮಹಾಂತಯ್ಯ ಯಾರ ಮನೆಗೆ ಹೋದರೂ ಬಾಗಿಲಲ್ಲಿ ಮೊದಲು ಕಾಣುತ್ತಿದ್ದದ್ದು ಅವನ ಯಂತ್ರ, ಆಮೇಲೆ ಅವನು. ಎದೆಯುದ್ದದ ಕೋಲು, ಕೋಲಿನ ತುದಿಗೆ ಊಟದ ತಾಟಿನಷ್ಟು ಅಗಲದ ಬಿಲ್ಲೆ, ಬಿಲ್ಲೆಯ ಸುತ್ತ ತಾಮ್ರದ ತಂತಿ, ಹಿಡಿಕೆಗೆ ಕಟ್ಟಿದ ಹಳೆಯ ಟ್ರಾನ್ಸಿಸ್ಟರ್. ನೆಲದ ಮೇಲೆ ಆಡಿಸುತ್ತ ಹೋದರೆ ಅದು ಸಣ್ಣಗೆ ಗುಂಯ್ ಎನ್ನುತ್ತಿತ್ತು. ಕೆಳಗೆ ಲೋಹವಿದ್ದರೆ ಹೆರಿಗೆ ನೋವು ಬಂದ ಎಮ್ಮೆಯ ಹಾಗೆ ಒದರುತ್ತಿತ್ತು.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ನಾಲ್ಕು ವರ್ಷ ಫಿಟರ್ ಆಗಿದ್ದವನು ಅವನು. ನಿವೃತ್ತನಾಗಿ ಗೋಪನಕೊಪ್ಪದ ಮನೆಯಲ್ಲಿ ಕೂತ ಮೇಲೆ ಎರಡು ತಿಂಗಳು ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಕೂಡಿಸಿದ. ಮೂರನೆಯ ತಿಂಗಳು ಒಬ್ಬ ರೇಡಿಯೋ ರಿಪೇರಿಯವನನ್ನು ಹಿಡಿದು ಈ ಯಂತ್ರ ಮಾಡಿದ. ಅಂದಿನಿಂದ ಹಳೆಯ ನಾಣ್ಯ ಹುಡುಕುವುದೇ ಅವನ ಹವ್ಯಾಸ. ಸಂತೆ ಮುಗಿದ ಬಯಲು, ಕೆರೆಯ ಅಂಚು, ಕಿತ್ತುಹಾಕಿದ ಮನೆಯ ಅಡಿಪಾಯ, ಎಲ್ಲಿ ಯಾರೂ ಬೈಯುವುದಿಲ್ಲವೋ ಅಲ್ಲಿಗೆ ಹೋಗುತ್ತಿದ್ದ.

ಹೆಬ್ಬಳ್ಳಿಯಲ್ಲಿರುವ ಅವನ ಅಕ್ಕ ಮುರಿಗೆವ್ವ ಈ ಹವ್ಯಾಸವನ್ನು ಐದು ವರ್ಷ ತಾಳ್ಮೆಯಿಂದ ನೋಡಿದ್ದಳು. ಅವಳಿಗೆ ತನ್ನ ಹೆಸರು ಬರೆಯುವಷ್ಟೇ ಅಕ್ಷರ. ಆದರೆ ಒಮ್ಮೆ ಕಂಡದ್ದು, ಕೇಳಿದ್ದು ತಲೆಯಿಂದ ಅಳಿಯುತ್ತಿರಲಿಲ್ಲ. ತಮ್ಮನಿಗೆ ಇಷ್ಟು ವರ್ಷಗಳಲ್ಲಿ ಸಿಕ್ಕಿದ್ದೆಂದರೆ ಹತ್ತು ಪೈಸೆಯ ಅಲ್ಯುಮಿನಿಯಂ ನಾಣ್ಯ ನಲವತ್ತಾರು, ತೂತಿನ ತಾಮ್ರದ ಕಾಸು ಮೂರು, ಎತ್ತಿನ ಲಾಳ ಎರಡು ಬುಟ್ಟಿ, ಸೋಡಾ ಬಾಟಲಿಯ ಮುಚ್ಚಳ ಲೆಕ್ಕಕ್ಕೆ ಹೊರಗೆ. ಅವನು ಬಂದಾಗಲೆಲ್ಲ ಚಹಾ ಕೊಡುತ್ತ, ಈ ಸಲ ಎಷ್ಟು ಎತ್ತಿಗೆ ಲಾಳ ಕಟ್ಟಿಸುವಷ್ಟು ಆಯಿತು ಎಂದು ವಿಚಾರಿಸುತ್ತಿದ್ದಳು.

ಹೀಗೆ ಚೇಷ್ಟೆ ಮಾಡಿದ ಮುರಿಗೆವ್ವನೇ ಆ ಬೇಸಿಗೆಯಲ್ಲಿ ತಮ್ಮನಿಗೆ ಹೇಳಿಕಳಿಸಿದಳು, ಯಂತ್ರ ತೆಗೆದುಕೊಂಡು ಕೂಡಲೇ ಬಾ ಎಂದು. ಅವನು ಬಂದ ಮೇಲೆ ಹಿತ್ತಲಿಗೆ ಕರೆದೊಯ್ದು, ಸುತ್ತ ನೋಡಿ, ಸಂಗತಿ ಹೇಳಿದಳು.

ದೀಪಾವಳಿಯ ಪಾಡ್ಯದ ದಿನ ಅವರ ಮನೆಯಲ್ಲಿ ಸಗಣಿಯಿಂದ ಪಾಂಡವರೆಂಬ ಪುಟ್ಟ ಗೊಂಬೆಗಳನ್ನು ಮಾಡಿ ಹೊಸ್ತಿಲಿಗೆ, ಒಲೆಯ ಬದಿಗೆ, ದನದ ಕೊಟ್ಟಿಗೆಗೆ ಇಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಗೊಂಬೆ ಹಟ್ಟೆವ್ವ ದೇವಿಯದು. ಚೆಂಡುಹೂ, ಉತ್ತರಾಣಿ ಕಡ್ಡಿ ಸಿಕ್ಕಿಸಿ, ಅವಳ ಎದೆಗೆ ಒಂದು ಬೆಳ್ಳಿಯ ರೂಪಾಯಿ ಒತ್ತುವುದು ಮುರಿಗೆವ್ವನ ಅತ್ತೆಯ ಕಾಲದಿಂದ ಬಂದ ಪದ್ಧತಿ. ಅತ್ತೆ ಸಾಯುವ ಮುಂಚೆ ಆ ರೂಪಾಯಿಯನ್ನು ಇವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ್ದಳು. ರಾಜನ ಮುಖ, ಕಿವಿಯ ಹತ್ತಿರ ಅಕ್ಕಸಾಲಿಗ ಒರೆ ಹಚ್ಚಿದ ಒಂದು ಗೀರು. ಹಬ್ಬ ಮುಗಿದ ಮೇಲೆ ರೂಪಾಯಿ ತೆಗೆದು, ತೊಳೆದು, ಸಂಚಿಯಲ್ಲಿಟ್ಟು, ಪಾಂಡವರನ್ನು ತಿಪ್ಪೆಗೆ ಹಾಕಬೇಕು. ಕಳೆದ ದೀಪಾವಳಿಗೆ ಮುರಿಗೆವ್ವ ಪಾಂಡವರನ್ನು ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಸುರಿದಳು. ರೂಪಾಯಿ ತೆಗೆದಿರಲಿಲ್ಲ. ಅದು ನೆನಪಾಗಿದ್ದು ತಿಪ್ಪೆಯ ಗೊಬ್ಬರವೆಲ್ಲ ಹೊಲಕ್ಕೆ ಹೋದ ಮೇಲೆ.

ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳುವುದು ಹೇಗೆ? ಸೊಸೆ ಸೌಂದರ್ಯಾ ಬಂದು ಒಂದೂವರೆ ವರ್ಷವಾಗಿತ್ತು. ಅಷ್ಟು ದಿನವೂ ಮುರಿಗೆವ್ವ ಅವಳಿಗೆ ಹೇಳಿಕೊಟ್ಟದ್ದು ಒಂದೇ, ತೆಗೆದದ್ದನ್ನು ತೆಗೆದಲ್ಲೇ ಇಡಬೇಕು, ಕೈಯಿಂದ ಏನೂ ಜಾರಬಾರದು. ಮಳೆಗಾಲದಲ್ಲಿ ರೊಟ್ಟಿ ಬೇಯಿಸುವ ಬೀಡುಕಬ್ಬಿಣದ ಹಂಚು ಕಾಣೆಯಾದಾಗ, ಯಾರೋ ಕೇಳಿ ಒಯ್ದವರು ತಂದುಕೊಟ್ಟಿಲ್ಲವೇನೋ ಎಂದು ಸೊಸೆ ಅಂದಿದ್ದಕ್ಕೆ ಓಣಿಯ ಹನ್ನೊಂದು ಮನೆಗೂ ಹೋಗಿ ವಿಚಾರಿಸಿ ಬಂದವಳು ಈ ಅತ್ತೆ.

“ಮಂಗಳವಾರ ಮುಂಜಾನೆ ಗೊಬ್ಬರದ ಗುಂಪಿ ಹರವತಾರ, ಕುಂಟಿ ಹೊಡದು ಹರಗತಾರ. ಆಮ್ಯಾಲ ಎರಿ ಮಣ್ಣಾಗ ಹೋದ್ರ ಮುಗೀತು. ನಿನ್ನ ಹುಚ್ಚು ಎಲ್ಲಾರಿಗೂ ಗೊತ್ತೈತಿ, ನೀ ಹೊಲದಾಗ ತಿರುಗಿದ್ರ ಯಾರೂ ಯಾಕಂತ ಕೇಳೂದಿಲ್ಲ. ಬಾಯಿ ಮಾತ್ರ ಬಿಡಬ್ಯಾಡ ತಮ್ಮಾ,” ಎಂದಳು.

ಮಹಾಂತಯ್ಯ ಗಂಟಲು ಮುಟ್ಟಿ ಆಣೆ ಮಾಡಿ, ನಾಳೆ ಬೆಳಿಗ್ಗೆಯೇ ಶುರು ಮಾಡುತ್ತೇನೆಂದು ಹೇಳಿ ಶನಿವಾರ ಸಂಜೆ ಮನೆಗೆ ಮರಳಿದ. ಆಣೆ ಒಂದು ರಾತ್ರಿ ಬಾಳಿತು. ಭಾನುವಾರ ಬೆಳಿಗ್ಗೆ ಬಸ್ಸಿನಿಂದ ಇಳಿದದ್ದು ಇಬ್ಬರು, ಎರಡು ಯಂತ್ರಗಳ ಜೊತೆ.

ಎರಡನೆಯವನು ಮಾಳಮಡ್ಡಿಯ ಪ್ರಸಾದ, ಬ್ಯಾಂಕಿನ ಗುಮಾಸ್ತ, ಇದೇ ಹವ್ಯಾಸದವನು. ಅವನ ಯಂತ್ರವನ್ನು ಭಾವ ದುಬೈಯಿಂದ ತಂದುಕೊಟ್ಟಿದ್ದ. ನೋಡಲು ಚೆಂದ, ಮಡಚಿದರೆ ಚೀಲದಲ್ಲಿ ಕೂರುತ್ತಿತ್ತು, ಕಿವಿಗೆ ಹಾಕಿಕೊಳ್ಳುವ ಮುಚ್ಚಳ, ಮುಳ್ಳು ಆಡುವ ಗಡಿಯಾರದಂಥ ಮುಖ. ಅದರ ದೊಡ್ಡ ಗುಣವೆಂದರೆ ಒಂದು ಗುಂಡಿ ತಿರುಗಿಸಿಟ್ಟರೆ ಕಬ್ಬಿಣ ಕಂಡಾಗ ಸುಮ್ಮನಿರುತ್ತಿತ್ತು. ಬೆಳ್ಳಿ, ತಾಮ್ರದಂಥವಕ್ಕೆ ಮಾತ್ರ ಬಾಯಿಬಿಡುತ್ತಿತ್ತು. ಇಬ್ಬರೂ ಎರಡು ವರ್ಷದಿಂದ ಯಾರದು ಮೇಲು ಎಂದು ವಾದಿಸುತ್ತಿದ್ದರು. ಗೋಪನಕೊಪ್ಪದ ಹಿತ್ತಲಲ್ಲಿ ನಾಲ್ಕು ಬೆರಳು ಆಳ, ಒಂದು ಗೇಣು ಆಳ ನಾಣ್ಯ ಹೂತು ಪರೀಕ್ಷೆ ಮಾಡಿ, ಹೂತವರು ಜಾಗ ಮರೆತು, ವಾದ ಅಲ್ಲಿಗೇ ನಿಂತಿತ್ತು.

ಹೊಲದಲ್ಲಿ ಹದಿನೆಂಟು ಗುಂಪಿ ಗೊಬ್ಬರ, ಒಂದು ಚಕ್ಕಡಿಗೆ ಒಂದರಂತೆ, ಸಾಲಿಗೆ ಆರು. ಮುರಿಗೆವ್ವ ಬದುವಿನ ಮೇಲೆ ಸೆರಗು ಹೊದ್ದು ಕೂತು ತನ್ನ ಲೆಕ್ಕ ಹೇಳಿದಳು. ತಿಪ್ಪೆ ಬರಿದಾಗಿದ್ದು ಹಿಂದಿನ ಮುಂಗಾರಿಗೆ. ಅಲ್ಲಿಂದ ದೀಪಾವಳಿಗೆ ಐದು ತಿಂಗಳು, ದೀಪಾವಳಿಯಿಂದ ಈಚೆಗೆ ಏಳು. ತೆಗೆಯುವಾಗ ಮೇಲಿನದು ಮೊದಲ ಚಕ್ಕಡಿಗೆ ಬರುತ್ತದೆ. ಹಾಗಾದರೆ ಹಟ್ಟೆವ್ವ ಹತ್ತು, ಹನ್ನೊಂದು, ಹನ್ನೆರಡನೆಯ ಚಕ್ಕಡಿಯಲ್ಲಿ ಬಂದಿರಬೇಕು. ಎರಡನೆಯ ಸಾಲಿನ ಕೊನೆಯ ಮೂರು ಗುಂಪಿ ನೋಡಿದರೆ ಸಾಕು.

ಇಬ್ಬರೂ ಗೌರವದಿಂದ ಕೇಳಿಸಿಕೊಂಡರು. ಆಮೇಲೆ ಮೊದಲ ಗುಂಪಿಯಿಂದಲೇ ಶುರು ಮಾಡಿದರು. ಯಂತ್ರಗಳ ಪರೀಕ್ಷೆ ಅರ್ಧದಿಂದ ಆಗುವುದಿಲ್ಲವಂತೆ, ಪದ್ಧತಿಯ ಪ್ರಕಾರ ಆಗಬೇಕಂತೆ. ಪದ್ಧತಿಯ ಪ್ರಕಾರ ಮಹಾಂತಯ್ಯನ ಯಂತ್ರ ಪ್ರತಿ ಗುಂಪಿಯಲ್ಲೂ ಒದರಿತು. ಅಗೆದರೆ ಲಾಳದ ಮೊಳೆ, ಛತ್ರಿಯ ಕಡ್ಡಿ, ಕುಡಗೋಲಿನ ತುಂಡು. ಪ್ರಸಾದನ ಯಂತ್ರ ಇಡೀ ದಿನದಲ್ಲಿ ಒಂದೇ ಸಲ ಕೂಗಿತು. ಇಬ್ಬರೂ ಮಂಡಿಯೂರಿ ಗೊಬ್ಬರ ಕೆದಕಿದರೆ ಹಲ್ಲಿನ ಪೇಸ್ಟಿನ ಖಾಲಿ ಅಲ್ಯುಮಿನಿಯಂ ಕೊಳವೆ. ಸಂಜೆಗೆ ಒಂದು ಸಾಲು ಮುಗಿಯಿತು. ದಾರಿಯಲ್ಲಿ ಹೋಗುವ ಹೆಂಗಸರು ಮುರಿಗೆವ್ವನನ್ನು, ಇವರು ಗೊಬ್ಬರ ಆರಿಸುವುದಕ್ಕೆ ಕೂಲಿ ಎಷ್ಟು ತಗೊಳ್ಳುತ್ತಾರೆ ಎಂದು ಕೇಳಿ ಹೋದರು. ಅವಳು ಮುಖ ಗಂಭೀರ ಮಾಡಿಕೊಂಡು, ಊಟ ಹಾಕಿದರೆ ಸಾಕು ಎಂದಳು.

ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವ ಹಾಗಿಲ್ಲ, ಹೀಗಾಗಿ ಆ ದಿನವೊಂದು ಉಳಿದಿತ್ತು. ಪ್ರಸಾದ ಬ್ಯಾಂಕಿಗೆ ರಜೆ ಹಾಕಿದ್ದ, ಕಾರಣ ಜ್ವರ. ಮುರಿಗೆವ್ವ ಅಂದು ಬದುವಿನ ಮೇಲೆ ಕೂರಲಿಲ್ಲ. ನೇರ ಹೋಗಿ ಹತ್ತನೆಯ ಗುಂಪಿಯ ಪಕ್ಕ ನಿಂತು ಕೈಯಲ್ಲಿನ ಕೋಲಿನಿಂದ ತೋರಿಸಿದಳು. ಇಬ್ಬರೂ ಯಂತ್ರ ಹೊತ್ತು ಅಲ್ಲಿಗೇ ಬಂದರು.

ಹತ್ತರಲ್ಲಿ ಇರಲಿಲ್ಲ, ಹನ್ನೊಂದರಲ್ಲೂ ಇರಲಿಲ್ಲ. ಹನ್ನೆರಡನೆಯ ಗುಂಪಿಯ ಮೇಲೆ ಪ್ರಸಾದ ತನ್ನ ಯಂತ್ರವನ್ನು ನಾಲ್ಕು ದಿಕ್ಕಿನಿಂದ ಆಡಿಸಿದ. ಮುಳ್ಳು ಅಲುಗಲಿಲ್ಲ. ಕಿವಿಯ ಮುಚ್ಚಳ ತೆಗೆದು ತಲೆಯಾಡಿಸಿದ. ಆಮೇಲೆ ಮಹಾಂತಯ್ಯ ತನ್ನದನ್ನು ತಂದ. ಗುಂಪಿಯ ಬುಡಕ್ಕೆ ಬಂದಾಗ ಅದು ಒದರಿತು, ಹಿಂದೆಂದೂ ಒದರದ ಹಾಗೆ.

“ಅದು ಬರೇ ಕಬ್ಬಿಣರಿ ಮಹಾಂತಯ್ಯಾರ. ನನ್ನ ಮಷೀನ ಸುಮ್ಮನ ಐತಿ ನೋಡ್ರಿ,” ಎಂದ ಪ್ರಸಾದ.

ಎರಡು ದಿನ ಲಾಳ ಅಗೆದು ಸೊಂಟ ಹಿಡಿದಿದ್ದ ಮಹಾಂತಯ್ಯನೂ ಕೋಲು ಕೆಳಗಿಟ್ಟು, ಇರಬಹುದು ಎಂದ.

“ಅಗಿ,” ಎಂದಳು ಮುರಿಗೆವ್ವ.

ಅಗೆದರು. ಮೊಣಕೈ ಆಳದಲ್ಲಿ ಬಂದದ್ದು ಕಬ್ಬಿಣವೇ. ಅರ್ಧ ಚಂದ್ರದಂತೆ ಒಡೆದ, ತುಕ್ಕು ಹಿಡಿದ ಬೀಡಿನ ಹಂಚು. ಪ್ರಸಾದ ಗೆದ್ದವನ ಹಾಗೆ ನಕ್ಕ. ಮುರಿಗೆವ್ವ ನಗಲಿಲ್ಲ. ಆ ಹಂಚಿನ ಅಂಚನ್ನು ಬೆರಳಿನಿಂದ ಸವರಿ ನೋಡಿದಳು. ಇಪ್ಪತ್ತೆರಡು ವರ್ಷ ಅದರ ಮೇಲೆ ರೊಟ್ಟಿ ತಿರುವಿದ ಬೆರಳು. ಹಂಚಿನ ಕೆಳಬದಿಗೆ ಒಣಗಿದ ಸಗಣಿಯ ಹೆಂಟೆಯೊಂದು ಅಂಟಿತ್ತು, ಹೆಂಟೆಯಲ್ಲಿ ಉತ್ತರಾಣಿಯ ಒಂದು ಕಡ್ಡಿ. ಅವಳು ಕೂತುಕೊಂಡು, ಅವಸರವಿಲ್ಲದೆ, ಕಡಲೆಕಾಯಿ ಸುಲಿಯುವ ಹಾಗೆ ಹೆಂಟೆಯನ್ನು ಪುಡಿ ಮಾಡಿದಳು. ರೂಪಾಯಿ ಕರ್ರಗಾಗಿತ್ತು. ಸೆರಗಿನಿಂದ ಒರೆಸಿದಳು. ರಾಜನ ಕಿವಿಯ ಹತ್ತಿರ ಗೀರು ಇತ್ತು.

ಆಮೇಲೆ ಇಬ್ಬರು ಗಂಡಸರೂ ಒಟ್ಟಿಗೆ ಶುರು ಮಾಡಿದರು. ಕಬ್ಬಿಣದ ಬೆನ್ನಿಗೆ ಬೆಳ್ಳಿ ಇದ್ದರೆ ತನ್ನ ಯಂತ್ರ ಅದನ್ನೂ ಕಬ್ಬಿಣವೆಂದೇ ತಿಳಿದು ಸುಮ್ಮನಾಗುತ್ತದೆ, ಅದು ಯಂತ್ರದ ತಪ್ಪಲ್ಲ, ಹಂಚಿನ ತಪ್ಪು ಎಂದು ಪ್ರಸಾದ. ತನ್ನ ಯಂತ್ರ ಒದರಿದ್ದು ಹಂಚಿಗಲ್ಲ, ಬೆಳ್ಳಿಗೇ, ಆ ದನಿಯೇ ಬೇರೆ ಎಂದು ಮಹಾಂತಯ್ಯ.

ಅಷ್ಟರಲ್ಲಿ ಸೌಂದರ್ಯಾ ಬುತ್ತಿಯ ಗಂಟು ಹೊತ್ತು ಬದು ದಾಟಿ ಬಂದಳು. ಅತ್ತೆಯ ಕಾಲ ಬಳಿ ಇದ್ದ ಹಂಚಿನ ತುಂಡು ಕಂಡು ಅವಳ ನಡಿಗೆ ನಿಧಾನವಾಯಿತು. ಮುರಿಗೆವ್ವ ರೂಪಾಯಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಹಂಚು ಯಾರೋ ಕೇಳಿ ಒಯ್ದಾರಂದಿದ್ದೆಲ್ಲವ್ವಾ. ತಂದು ಇಲ್ಲೇ ಹೊಲದಾಗ ಇಟ್ಟು ಹೋಗ್ಯಾರ ನೋಡು,” ಎಂದಳು. “ಅರ್ಧಾ ತಂದಾರ. ಉಳಿದಿದ್ದು ಆಮ್ಯಾಲ ಕೊಡ್ತಾರೇನೋ.”

ಸೌಂದರ್ಯಾ ಗಂಟು ಇಳಿಸಿದಳು. ಅವಳ ಮುಖ ಕೆಂಪಾಗಿತ್ತು. ಆದರೆ ಕಣ್ಣು ಅತ್ತೆಯ ಮುಷ್ಟಿಯ ಮೇಲಿತ್ತು, ಬೆರಳ ಸಂದಿಯಲ್ಲಿ ಬೆಳ್ಳಿಯ ಅಂಚು ಕಾಣುತ್ತಿತ್ತು.

“ಹಟ್ಟೆವ್ವನ ರೂಪಾಯಿನೂ ಅವರೇ ಒಯ್ದಿದ್ರೇನ್ರಿ ಅತ್ತಿ?” ಎಂದು ಮೆಲ್ಲಗೆ ಕೇಳಿದಳು.

ಮುರಿಗೆವ್ವ ಸೊಸೆಯನ್ನು ದಿಟ್ಟಿಸಿ ನೋಡಿದಳು. ಒಂದೂವರೆ ವರ್ಷದಲ್ಲಿ ಅವಳನ್ನು ಅಷ್ಟು ಸರಿಯಾಗಿ ನೋಡಿದ್ದು ಅದೇ ಮೊದಲು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಸೊಸೆಯೂ ನಕ್ಕಳು. ಗಂಡಸರಿಗೆ ಏನೂ ತಿಳಿಯಲಿಲ್ಲ, ತಿಳಿಸುವವರೂ ಇರಲಿಲ್ಲ. ರೊಟ್ಟಿ, ಬದನೆಕಾಯಿ ಪಲ್ಯ ಬಿಚ್ಚಿದರು.

ಊಟದ ಮಧ್ಯೆ ಮಹಾಂತಯ್ಯ ತೀರ್ಪು ಕೇಳಿದ. ಯಾವ ಯಂತ್ರ ಮೇಲು, ಅಕ್ಕನೇ ಹೇಳಲಿ, ತಾನು ಮರುಮಾತಾಡುವುದಿಲ್ಲ.

“ಅವರದು ಭಾಳ ಶ್ಯಾಣ್ಯಾದು, ಬ್ಯಾಡಾದ್ದು ಕಂಡ್ರ ಬಾಯಿ ಮುಚ್ಚತೈತಿ. ನಿಂದು ನಿನ್ನಂಗ ಐತಿ, ಕಂಡಿದ್ದಕ್ಕೆಲ್ಲಾ ಒದರತೈತಿ,” ಎಂದು ಮುರಿಗೆವ್ವ ಇನ್ನೊಂದು ರೊಟ್ಟಿ ತಮ್ಮನ ತಾಟಿಗೆ ಹಾಕಿದಳು. ಪ್ರಸಾದನಿಗೂ ಹಾಕಿದಳು, ಆದರೆ ಅವನಿಗೆ ಹಾಕಿದ್ದು ಸ್ವಲ್ಪ ಸಣ್ಣದು. ಮಹಾಂತಯ್ಯ ಅದನ್ನೇ ತೀರ್ಪೆಂದು ಹಿಡಿದ, ಹುಬ್ಬಳ್ಳಿಯ ತುಂಬ ಹಾಗೆಯೇ ಹೇಳಿಕೊಂಡು ತಿರುಗಿದ.

ಆ ವರ್ಷದ ದೀಪಾವಳಿಗೆ ಹಟ್ಟೆವ್ವನ ಎದೆಗೆ ರೂಪಾಯಿ ಒತ್ತಿದ್ದು ಸೌಂದರ್ಯಾ. ಹಬ್ಬ ಮುಗಿದು ಪಾಂಡವರನ್ನು ಬುಟ್ಟಿಗೆ ತುಂಬುವ ಮೊದಲು ಅದನ್ನು ತೆಗೆದು, ತೊಳೆದು, ಅತ್ತೆಯ ಅಂಗೈಗೆ ಇಟ್ಟವಳೂ ಅವಳೇ. ಮುರಿಗೆವ್ವ ಗೀರು ನೋಡಿ ಸಂಚಿಗೆ ಹಾಕಿಕೊಂಡಳು.

ಕರೆಯದಿದ್ದರೂ ಮಹಾಂತಯ್ಯ ಯಂತ್ರ ಹಿಡಿದು ಬಂದಿದ್ದ, ಎಚ್ಚರಿಕೆಗೆ ಎಂದು. ಬುಟ್ಟಿ ಸುರಿದ ಮೇಲೆ ತಿಪ್ಪೆಯ ಮೇಲೆ ಬಿಲ್ಲೆ ಆಡಿಸಿದ. ಅದು ಒದರಿತು. ಮುರಿಗೆವ್ವ ಸಂಚಿ ಬಿಚ್ಚಿ ರೂಪಾಯಿ ಎತ್ತಿ ತೋರಿಸಿದಳು. ಅವನು ನೋಡಿ, ತಲೆಯಾಡಿಸಿ, ಹಾಗಾದರೆ ಇದು ಬೇರೆ ಏನೋ ಇರಬೇಕು ಎಂದು ಪಂಚೆ ಮೇಲೆ ಕಟ್ಟಿ ತಿಪ್ಪೆಗೆ ಇಳಿದ.