ಮುಲಾಮು ಇಲ್ಲದ ಆಟ

ಕನ್ನಡಕದ ಅಂಗಡಿಯ ಮಾಲೀಕ ಹಿಂದಿನ ಕೋಣೆಗೆ ಬಂದಾಗ, ಮುಲಾಮಕ್ಕ ತನ್ನ ಬಲಗೈಯನ್ನು ಸ್ಕಾರ್ಫಿನಿಂದ ಕುರ್ಚಿಗೆ ಬಿಗಿದುಕೊಂಡು, ಎಡಗೈ ಒಂದರಿಂದಲೇ ಲ್ಯಾಪ್‌ಟಾಪಿನೊಳಗಿನ ಕರಡಿಯ ಜೊತೆ ಹೊಡೆದಾಡುತ್ತಿದ್ದಳು. ಮಧ್ಯಾಹ್ನದ ಊಟದ ಹೊತ್ತು. ಸಾಣೆ ಯಂತ್ರ ನಿಂತಿತ್ತು. ಮೇಜಿನ ತುಂಬ ಗಾಜಿನ ಪುಡಿ.

"ಏನಮ್ಮಾ ಇದು, ಕೈಗೇನಾಯ್ತು?"

"ಏನೂ ಆಗಿಲ್ಲ ಸಾರ್. ಕಟ್ಟಿ ಹಾಕಿದೀನಿ. ಬಿಟ್ರೆ ಮಧ್ಯೆ ಬಾಯಿ ಹಾಕುತ್ತೆ."

"ಕೈ ಬಾಯಿ ಹಾಕುತ್ತಾ?"

"ಅಭ್ಯಾಸ ಸಾರ್. ಕರಡಿ ಕಂಡ್ರೆ ಸುಮ್ನಿರಲ್ಲ."

ಮಾಲೀಕ ಕರಡಿಯನ್ನೂ ಕೈಯನ್ನೂ ನೋಡಿದ. "ಸರಿ, ಗೆದ್ದ ಮೇಲೆ ಹೇಳಿ. ಆ ಮೇಷ್ಟ್ರ ಕನ್ನಡಕ ಇನ್ನೂ ಕೂತಿದೆ" ಎಂದು ಬಾಗಿಲೆಳೆದುಕೊಂಡು ಹೋದ. ಅಷ್ಟರಲ್ಲಿ ಕರಡಿ ಅವಳನ್ನು ನೆಲಕ್ಕೆ ಕೆಡವಿ ಆಗಿತ್ತು. ಇದೂ ಆಗಲಿಲ್ಲ ಎಂದುಕೊಂಡು ಮುಲಾಮಕ್ಕ ಗಂಟು ಬಿಚ್ಚಿದಳು.

ಆ ಹೆಸರು ಅವಳಿಗೆ ಬಂದದ್ದು ಹಳೆಯ ಆಟದಿಂದ. ಎಲ್ಲೆಲ್ಲಿಯೋ ಕೂತ ಜನ ಇಂಟರ್ನೆಟ್ಟಿನಲ್ಲಿ ಒಂದೊಂದು ವೇಷ ತೊಟ್ಟು, ಒಂದೇ ಕಾಡಿನಲ್ಲಿ ಗುಂಪು ಕಟ್ಟಿಕೊಂಡು ಅಲೆಯುವ ಆಟ ಅದು. ಒಬ್ಬ ಬಾಣ ಬಿಡುತ್ತಾನೆ, ಇನ್ನೊಬ್ಬ ಮಂತ್ರ ಹಾಕುತ್ತಾನೆ. ಇವಳದು ಗಾಯ ವಾಸಿಮಾಡುವ ಕೆಲಸ. ಗುಂಪಿನ ಬೆನ್ನ ಹಿಂದೆ ನಿಂತು, ಯಾರಿಗೆ ಪೆಟ್ಟು ಬಿದ್ದರೂ ಕ್ಷಣದಲ್ಲಿ ಮುಲಾಮು ಹಚ್ಚುತ್ತಿದ್ದಳು. ಅವಳಿದ್ದಲ್ಲಿ ಸಾಯುವುದು ಕಷ್ಟ ಎಂದು ಹೊಸಬರು ಅವಳ ಗುಂಪಿಗೆ ಸೇರಲು ಹಿಂದೆ ಮುಂದೆ ಸುಳಿದಾಡುತ್ತಿದ್ದರು. ಹೆಸರಿಟ್ಟದ್ದು ತಮ್ಮ. ಅವನ ಬಾಯಿಂದ ಗುಂಪಿಗೆ, ಗುಂಪಿನಿಂದ ಅಂಗಡಿಗೆ ದಾಟಿ, ಕೊನೆಗೆ ಅವಳೇ ಫೋನ್ ಎತ್ತಿದರೆ "ಮುಲಾಮಕ್ಕ ಮಾತಾಡ್ತಿರೋದು" ಎನ್ನುವಷ್ಟಾಯಿತು.

ತಮ್ಮನ ಹೆಸರು ಅಲ್ಲಿ ಗೋಡೆ. ಎಲ್ಲರಿಗಿಂತ ಮುಂದೆ ದೊಡ್ಡ ಗುರಾಣಿ ಹಿಡಿದು ನಿಂತು, ಬರುವ ಪೆಟ್ಟನ್ನೆಲ್ಲ ತಾನು ತಿನ್ನುವವನು. ಹೊರಗಿನ ಬದುಕಿನಲ್ಲಿ ಅವನು ಲಿಫ್ಟ್ ರಿಪೇರಿ ಮಾಡುತ್ತಿದ್ದ. ಇರುವುದು ರೈಲಿನಲ್ಲಿ ಒಂದು ಹಗಲು ಹಿಡಿಯುವಷ್ಟು ದೂರದ ಊರಿನಲ್ಲಿ. ಅಕ್ಕ ತಮ್ಮ ಫೋನಿನಲ್ಲಿ ಮಾತಾಡಿದರೆ ಮಾತು ಅಂಗಳ ದಾಟುತ್ತಿರಲಿಲ್ಲ. ಊಟ ಆಯ್ತಾ, ಆಯ್ತು, ನಿಂದು, ನಂದೂ ಆಯ್ತು. ಮುಂದೆ ಇಬ್ಬರೂ ಕೆಮ್ಮುವುದು. ಅದೇ ಭಾನುವಾರ ಬೆಳಗ್ಗೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣೆದುರು ಯಾವುದೋ ರಾಕ್ಷಸ ಬೆಂಕಿ ಉಗುಳುತ್ತಿದ್ದರೆ ಇಬ್ಬರಿಗೂ ಬಾಯಿ ಬರುತ್ತಿತ್ತು. ಒಬ್ಬ ಹುಡುಗಿಯನ್ನು ನೋಡಿದ್ದೇನೆ, ಮದುವೆಯಾಗಲೇ ಎಂದು ತಮ್ಮ ಕೇಳಿದ್ದು ರಾಕ್ಷಸನ ಮೂರನೆಯ ತಲೆ ಬೀಳುವಾಗ. ಅಮ್ಮ ತೀರಿಕೊಂಡ ವರ್ಷ ತಾನು ಯಾಕೆ ಅಳಲಿಲ್ಲ ಎಂದು ಅಕ್ಕ ಹೇಳಿದ್ದೂ ಅಂಥದ್ದೇ ಗದ್ದಲದ ನಡುವೆ. ಅವಳು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಭಾನುವಾರ ಬಿಡುವಿಲ್ಲ" ಎನ್ನುತ್ತಿದ್ದಳು.

ಹೀಗಿರುವಾಗ ತಮ್ಮನಿಗೆ ಲಕ್ವ ಹೊಡೆಯಿತು. ಕೆಲಸದ ಜಾಗದಲ್ಲೇ ಕುಸಿದುಬಿದ್ದ. ಜೀವ ಉಳಿಯಿತು, ಮಾತೂ ಉಳಿಯಿತು. ಬಲಗೈ ಮಾತ್ರ ಹೇಳಿದ ಮಾತು ಕೇಳದ ಮಗುವಿನಂತಾಯಿತು. ತಿಂಗಳುಗಳು ಕಳೆದು ಅವನು ಆಟಕ್ಕೆ ಮರಳಿದಾಗ ಗುಂಪಿನವರು ಸಂಭ್ರಮದಿಂದಲೇ ಬರಮಾಡಿಕೊಂಡರು. ಆದರೆ ಆಟವೇ ಬದಲಾಗಿತ್ತು. ಹೊಸದಾಗಿ ಬಂದ ರಾಕ್ಷಸರಿಗೆ ತಾಳ್ಮೆ ಇಲ್ಲ. ಗುರಾಣಿ ಎತ್ತುವುದು ಕಣ್ಣೆವೆ ಮುಚ್ಚುವಷ್ಟು ತಡವಾದರೂ ಇಡೀ ಗುಂಪು ನೆಲ ಕಚ್ಚುತ್ತಿತ್ತು. ಕಚ್ಚಿತು. ಮತ್ತೆ ಕಚ್ಚಿತು. ಆಗ ಗುಂಪಿನಲ್ಲಿ ಯಾರೋ ಬರೆದರು: "ಗೋಡೆ ಬಿರುಕು ಬಿಟ್ಟಿದೆ, ಬೇರೆ ಕಟ್ಟಿಸ್ರಪ್ಪ."

ತಮ್ಮ ನಕ್ಕ. "ನಿಜಾನೇ" ಎಂದ. ಮರುಕ್ಷಣ ಅವನ ಹೆಸರಿನ ಪಕ್ಕದ ದೀಪ ಆರಿತು. ಆಮೇಲೆ ಹತ್ತಲಿಲ್ಲ.

ಮುಲಾಮಕ್ಕ ಜಗಳವಾಡಲಿಲ್ಲ. ಮುಂದಿನ ಭಾನುವಾರ ಒಬ್ಬಳೇ ಆಟದೊಳಗೆ ಹೋಗಿ, ವರ್ಷಗಟ್ಟಲೆ ಕೂಡಿಟ್ಟ ಗಿಡಮೂಲಿಕೆ, ಸೀಸೆ, ಬೆಳ್ಳಿಯ ಕೋಲು ಎಲ್ಲವನ್ನೂ ಅಗಸೆಬಾಗಿಲ ಬಳಿ ನಿಂತಿದ್ದ ಹೊಸಬರಿಗೆ ಹಂಚಿದಳು. ಗುಂಪಿನವರು ಕೇಳಿದರು, "ಅಕ್ಕ, ನೀನ್ಯಾಕೆ ಹೋಗ್ತೀಯ? ನಿನ್ನನ್ನ ಯಾರೂ ಏನೂ ಅಂದಿಲ್ವಲ್ಲ."

"ಅಂದಿಲ್ಲ ಕಣ್ರಪ್ಪ. ಅದಕ್ಕೇ ನಗ್ತಾ ಹೋಗ್ತಿದೀನಿ" ಎಂದಳು.

ನಗು ಹೊಸಿಲು ದಾಟುವವರೆಗೆ ಇತ್ತು. ತಮ್ಮನ ಹೆಂಡತಿ ಫೋನ್ ಮಾಡಿದಾಗ ಉಳಿದಿದ್ದ ಚೂರೂ ಹೋಯಿತು. "ಅಕ್ಕ, ಇವ್ರು ಮಾತೇ ಆಡ್ತಿಲ್ಲ. ಕೈಗೆ ವ್ಯಾಯಾಮ ಮಾಡಿಸೋರು ಬಂದ್ರೆ ಬಾಗಿಲು ತೆಗೀಬೇಡ ಅಂತಾರೆ. ನಿಮ್ ಹತ್ರ ಆದ್ರೂ ಏನಾದ್ರೂ ಹೇಳ್ತಾರಾ?"

ಹೇಳುತ್ತಿರಲಿಲ್ಲ. ಊಟ ಆಯ್ತಾ, ಆಯ್ತು. ಕೆಮ್ಮು. ಅವನನ್ನು ಮಾತಿಗೆಳೆಯಲು ಅವಳಿಗೆ ಗೊತ್ತಿದ್ದ ದಾರಿ ಒಂದೇ, ಆ ದಾರಿ ಮುಚ್ಚಿತ್ತು. ಹೊಸ ದಾರಿ ಹುಡುಕದಿದ್ದರೆ ತಮ್ಮ ಇದ್ದಲ್ಲೇ ಮುಳುಗುತ್ತಾನೆ ಎಂದು ಅವಳಿಗೆ ಅನಿಸಿತು.

ಹುಡುಕಾಟದಲ್ಲಿ ಅವಳು ಹಿಡಿದದ್ದು ತನ್ನ ಕಸುಬಿನ ಪದ್ಧತಿಯನ್ನೇ. ಗಾಜನ್ನು ಅರೆದು ಚೌಕಟ್ಟಿಗೆ ಕೂರಿಸಿದ ಮೇಲೆ ಮುಲಾಮಕ್ಕ ಅದನ್ನು ಹಾಗೇ ಡಬ್ಬಿಗೆ ಹಾಕುವವಳಲ್ಲ. ತನ್ನ ಮೂಗಿನ ಮೇಲೇರಿಸಿ, ಅಂಗಡಿಯ ಬಾಗಿಲವರೆಗೆ ಒಂದು ಸುತ್ತು ನಡೆಯುತ್ತಾಳೆ. ಗಾಜಿನ ನಂಬರು ಅವಳದಲ್ಲ, ಲೋಕವೆಲ್ಲ ಕಲಸಿದ ಹಿಟ್ಟಿನಂತೆ ಕಾಣುತ್ತದೆ, ಒಮ್ಮೆ ತೂಕದ ಯಂತ್ರಕ್ಕೆ ಡಿಕ್ಕಿ ಹೊಡೆದು ಕ್ಷಮೆ ಕೇಳಿದ್ದೂ ಉಂಟು. ಆದರೂ ಕಿವಿಯ ಹಿಂದೆ ಎಲ್ಲಿ ಒತ್ತುತ್ತದೆ, ಬಗ್ಗಿದರೆ ಜಾರುತ್ತದೆಯೇ, ಇದೆಲ್ಲ ತೊಡುವವರು ಹೇಳುವ ಮೊದಲೇ ತನಗೆ ತಿಳಿಯಬೇಕು. ಆಟಕ್ಕೂ ಅದೇ. ತಮ್ಮನ ಕೈ ಹೇಗೋ ತನ್ನ ಕೈಯೂ ಹಾಗೇ ಆಗಲಿ ಎಂದು ಬಲಗೈ ಕಟ್ಟಿಕೊಂಡಳು.

ಎಷ್ಟು ಆಟಗಳ ಹೊಸಿಲು ತುಳಿದಳೋ! ಒಂದರಲ್ಲಿ ಎಲ್ಲರೂ ರೆಕ್ಕೆಯ ಕುದುರೆ ಏರಿ ಮಿನುಗುತ್ತ ಹಾರುತ್ತಾರೆ, ನಮಸ್ಕಾರ ಅಂದರೆ ತಿರುಗಿಯೂ ನೋಡುವುದಿಲ್ಲ. ಇನ್ನೊಂದಕ್ಕೆ ಎರಡು ಕೈ ಸಾಲದು, ಮೂರು ಬೇಕು. ಮತ್ತೊಂದು ತೆರೆದುಕೊಳ್ಳುವಷ್ಟರಲ್ಲಿ ಅವಳ ಹಳೆಯ ಲ್ಯಾಪ್‌ಟಾಪು ಇಸ್ತ್ರಿಪೆಟ್ಟಿಗೆಯಷ್ಟು ಬಿಸಿಯಾಯಿತು. ಒಂದು ಆಟವಂತೂ ವಿಚಿತ್ರ. ಬರೀ ಬೆಟ್ಟ, ಹಗ್ಗ, ತೂಗುಸೇತುವೆ. ಹೊಡೆದಾಟವೇ ಕಡಿಮೆ. ಎಷ್ಟು ಹೊತ್ತು ಬೇಕಾದರೂ ಯೋಚಿಸಿ, ಒಂದು ಹೆಜ್ಜೆ ಆರಿಸಿ, 'ಆಯ್ತು' ಒತ್ತಬೇಕು. ಹೆಜ್ಜೆ ತಪ್ಪಿದರೆ ಹೊಳೆಗೆ ಬೀಳಬೇಕು. ಗಾಯ ವಾಸಿಮಾಡುವ ವಿದ್ಯೆಯೇ ಇಲ್ಲ. ಮುಲಾಮಕ್ಕ ಮೊದಲ ಸೇತುವೆಯಲ್ಲೇ ಮತ್ತೆ ಮತ್ತೆ ಹೊಳೆಗೆ ಬಿದ್ದು, "ಇದೂ ಒಂದು ಆಟವೇ" ಎಂದು ಮೂಗು ಮುರಿದು ಎದ್ದಳು.

ಕೊನೆಗೆ ಒಂದು ಸಿಕ್ಕಿತು. ಹಸಿರು ಕಣಿವೆ, ಮೆಲ್ಲಗೆ ನಡೆಯುವ ರಾಕ್ಷಸರು, ಎಲ್ಲವೂ ಎಡಗೈಯ ಎರಡೇ ಬೆರಳಿಗೆ ದಕ್ಕುತ್ತದೆ. ಅಲ್ಲಿಯ ಜನವೂ ಒಳ್ಳೆಯವರು, ಕಂಡ ಕೂಡಲೇ ಕೈ ಬೀಸುತ್ತಾರೆ. ಜೊತೆಗೆ, ಅಬ್ಬಾ, ಮುಲಾಮು ಬೇಕಾದಷ್ಟು. ಅವಳು ತಮ್ಮನಿಗೆ ಫೋನ್ ಮಾಡಿ ಕಾಡಿದಳು, ಬೇಡಿದಳು, ಕೊನೆಗೆ ಗದರಿಸಿದಳು. ಅಕ್ಕನ ಕಾಟಕ್ಕೆ ಅವನು ಬಂದ.

ಭಾನುವಾರಗಳು ಮತ್ತೆ ಶುರುವಾದವು. ಗೋಡೆ ಗುರಾಣಿ ಹಿಡಿದು ಮುಂದೆ ನಿಂತ, ಮುಲಾಮಕ್ಕ ಹಿಂದೆ. ರಾಕ್ಷಸ ಕೈ ಎತ್ತುವ ಮೊದಲೇ ಇವಳ ಮುಲಾಮು ತಮ್ಮನ ಮೈಮೇಲೆ ಬಿದ್ದಿರುತ್ತಿತ್ತು. ತಮ್ಮ ಹ್ಞೂಂ ಅನ್ನುತ್ತಿದ್ದ, ಸರಿ ಅನ್ನುತ್ತಿದ್ದ. ಮಾತು ಮಾತ್ರ ಬರಲಿಲ್ಲ. ಬರುತ್ತದೆ, ಅವಸರವೇನು ಎಂದುಕೊಂಡಳು.

ಒಂದು ದಿನ ಅವನು ಆಟದೊಳಗಿನ ತನ್ನ ಸಾಮಾನಿನ ಮೂಟೆ ತೆರೆಯಲು ತಡವರಿಸಿದಾಗ ಅವಳು ತಟ್ಟನೆ ಅಂದಳು, "ಅದನ್ನ ಹೆಬ್ಬೆರಳಲ್ಲಿ ಒತ್ತೋ. ಎಡಗೈಲಿ ಆಡುವಾಗ ತೋರುಬೆರಳು ಅಲ್ಲಿಗೆ ಎಟುಕಲ್ಲ."

"ನಿನಗೆ ಹೇಗೆ ಗೊತ್ತು?"

"ಏನು?"

"ಎಟುಕಲ್ಲ ಅಂತ."

ಅವಳಿಗೆ ಸುಳ್ಳು ಬರುತ್ತಿರಲಿಲ್ಲ. ಕೈ ಕಟ್ಟಿಕೊಂಡದ್ದು, ಕರಡಿ, ಮಾಲೀಕ, ಎಲ್ಲ ಹೇಳಿಬಿಟ್ಟಳು, ನಗುತ್ತಾನೆ ಎಂದುಕೊಂಡು. ಅವನು ನಗಲಿಲ್ಲ.

"ಅಕ್ಕ, ಇಷ್ಟು ದಿನದಲ್ಲಿ ನಾನು ಈ ಆಟದಲ್ಲಿ ಒಂದು ಸಲನೂ ಸತ್ತಿಲ್ಲ. ನೋಡಿದ್ಯಾ?"

"ಒಳ್ಳೇದೇ ಅಲ್ವೇನೋ!"

"ಆಸ್ಪತ್ರೇಲೂ ಹೀಗೇ ಗಂಜಿ ಕುಡಿಸಿದ್ರು. ಬಾಯಿ ತೆಗೆಯೋಕೆ ಮುಂಚೆ ಚಮಚ ಬಂದಿರೋದು." ಅವನ ದನಿ ಏರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ನನ್ನ ಕೈ ಹೋಗಿದೆ, ಒಪ್ಕೊಂಡೆ. ನನಗೋಸ್ಕರ ನಿನ್ನ ಕೈನೂ ಕಟ್ಕೊಂಡೆ. ನನ್ನ ತಲೆ ಏನಕ್ಕ ಮಾಡಿತ್ತು? ಅದನ್ನೂ ಯಾಕೆ ಕಟ್ಟಿ ಹಾಕ್ದೆ?"

ದೀಪ ಆರಿತು.

ಮುಲಾಮಕ್ಕ ಆ ವಾರವೆಲ್ಲ ತಲೆ ಎತ್ತದೆ ಗಾಜು ಅರೆದಳು. ಬೇರೆ ಯಾರಾದರೂ ಆಗಿದ್ದರೆ, ಇಷ್ಟು ಮಾಡಿದರೂ ಅನ್ನಿಸಿಕೊಂಡೆನಲ್ಲ ಎಂದು ಮುಖ ಊದಿಸುತ್ತಿದ್ದರು. ಅವಳಿಗೂ ಮೊದಲೆರಡು ದಿನ ಊದಿತ್ತು. ಆಮೇಲೆ ಒಂದು ಫ್ರೇಮಿಗೆ ಗಾಜು ಕೂರಿಸುತ್ತ ಕುಳಿತಿದ್ದಾಗ ತನ್ನ ತಪ್ಪು ತನಗೇ ಕಂಡಿತು. ತಾನು ನೋಡಿದ್ದು ಎಲ್ಲಿ ಒತ್ತುತ್ತದೆ, ಎಲ್ಲಿ ಜಾರುತ್ತದೆ ಎಂಬುದನ್ನಷ್ಟೆ. ತೊಟ್ಟವನಿಗೆ ಏನು ಕಾಣಬೇಕು ಎಂದು ಕೇಳಲೇ ಇಲ್ಲ. ಲಿಫ್ಟು ಓಡಾಡುವ ಇಪ್ಪತ್ತು ಮಹಡಿ ಎತ್ತರದ ಕತ್ತಲ ಬಾವಿಯಲ್ಲಿ ಹಗ್ಗದ ತೂಕ ಲೆಕ್ಕ ಹಾಕಿಕೊಂಡು ನಿಲ್ಲುತ್ತಿದ್ದ ಮನುಷ್ಯನಿಗೆ ಅವಳು ಹಸಿರು ಕಣಿವೆ ತೋರಿಸಿದ್ದಳು.

ಆಗ ಅವಳಿಗೆ ನೆನಪಾದದ್ದು ತಾನು ಮೂಗು ಮುರಿದ ಆ ಹೊಳೆ.

ಅವಳನ್ನು ಬಲ್ಲವರು ಇಲ್ಲಿ ಒಂದು ಕ್ಷಣ ನಿಂತು ಅವಳನ್ನು ನೋಡಬೇಕು. ಹತ್ತಾರು ವರ್ಷ ಅವಳು ಒಂದು ವಿದ್ಯೆಯಲ್ಲಿ ಕೈ ಪಳಗಿಸಿಕೊಂಡವಳು. ಆ ಲೋಕದಲ್ಲಿ ಜನ ಅವಳಿಗೆ ದಾರಿ ಬಿಡುತ್ತಿದ್ದರು. ಈ ಬೆಟ್ಟದ ಆಟದಲ್ಲಿ ಆ ವಿದ್ಯೆಗೆ ಕಾಸಿನ ಕಿಮ್ಮತ್ತಿಲ್ಲ. ಅಲ್ಲಿ ಅವಳು ದಡ್ಡಿ, ಮೊದಲ ಹೆಜ್ಜೆಗೇ ಕಾಲು ಜಾರುವವಳು, ಜೊತೆಯವರಿಗೆ ಭಾರ. ಇದೆಲ್ಲ ಚೆನ್ನಾಗಿ ಗೊತ್ತಿದ್ದೇ ಅವಳು ತಮ್ಮನಿಗೆ ಬರೆದಳು:

"ಇಲ್ಲೊಂದು ಆಟ ಇದೆ. ಮೊದಲನೇ ಸೇತುವೆನೇ ದಾಟೋಕಾಗ್ತಿಲ್ಲ ನನಗೆ. ಮುಲಾಮು ಗಿಲಾಮು ಏನೂ ಇಲ್ಲ. ನಿನಗೂ ಆಗುತ್ತೆ ಅಂತ ನಾನೇನೂ ಹೇಳಲ್ಲ."

ಕೊನೆಯ ವಾಕ್ಯವನ್ನು ಅವಳು ಬೇಕೆಂದೇ ಸೇರಿಸಿದಳು. ಅಕ್ಕ ಅಂದಮೇಲೆ ತಮ್ಮನ ಯಾವ ನರ ಎಲ್ಲಿದೆ ಎಂದು ಗೊತ್ತಿರಬೇಡವೇ?

ಭಾನುವಾರ ಬೆಳಗ್ಗೆ ಅವಳು ಹೊಳೆಯ ದಂಡೆಯಲ್ಲಿ ಒಬ್ಬಳೇ ನಿಂತಿದ್ದಳು. ಬೇರೆ ಊರುಗಳ ಇಬ್ಬರು ಮೂವರು ದಾಟಿಹೋದರು. ಒಬ್ಬ, "ಜೊತೆ ಇಲ್ವಾ?" ಎಂದು ಕೇಳಿದ. "ಬರ್ತಾನೆ" ಎಂದಳು. ನಂಬಿಕೆಯಿಂದ ಅಲ್ಲ. ಬಿಸಿಲು ಕಿಟಕಿಯಿಂದ ಇಳಿದು ಮಂಚದ ಕಾಲಿಗೆ ಬಂತು. ಬರಲಾರ ಎಂದು ಏಳುವಷ್ಟರಲ್ಲಿ ಪಕ್ಕದಲ್ಲಿ ಒಬ್ಬ ಕುಳ್ಳ, ಬರಿಗೈಯ ಪಯಣಿಗ ಬಂದು ನಿಂತ. ಗುರಾಣಿ ಇಲ್ಲ, ಏನಿಲ್ಲ.

"ಎಲ್ಲಿ ನಿನ್ನ ಸೇತುವೆ?"

"ಕಣ್ಣೆದುರಿಗೇ ಇದೆಯಲ್ಲೋ."

"ಹ್ಞೂಂ." ತಮ್ಮ ಸೇತುವೆಯನ್ನು ತುದಿಯಿಂದ ತುದಿಗೆ ನೋಡತೊಡಗಿದ. ಇಬ್ಬರೂ 'ಆಯ್ತು' ಒತ್ತುವ ತನಕ ಆಟ ಕದಲುವುದಿಲ್ಲ, ಗೊಣಗುವುದಿಲ್ಲ. ನೀರು ಹರಿಯುತ್ತಿತ್ತು. "ಎಡಗಡೆ ಹಗ್ಗ ಸವೆದಿದೆ ಅಕ್ಕ. ನೋಡು, ಸೇತುವೆ ಆ ಕಡೆ ವಾಲಿದೆ. ನೀನು ಪ್ರತಿಸಲ ಎಡಗಡೆನೇ ಕಾಲಿಟ್ಟಿರ್ತೀಯ."

"ಅಲ್ಲಿ ಹಲಗೆ ಅಗಲ ಇದೆ ಅಂತ..."

"ಅಗಲ ಇದ್ರೆ ಭಾರ ಜಾಸ್ತಿ. ತಲೆ ಇದೆಯಾ ನಿನಗೆ?"

ಬೈಗುಳ! ಮುಲಾಮಕ್ಕನಿಗೆ ಮೈ ಜುಮ್ಮೆಂದಿತು. ಅವನು ಹೇಳಿದ ಹಾಗೆ ಇಬ್ಬರೂ ಬಲಕ್ಕೆ ಹೆಜ್ಜೆಯಿಟ್ಟರು. ಅರ್ಧ ಸೇತುವೆ ದಾಟಿದರು. ಆಮೇಲೆ ಗಾಳಿ ಬೀಸಿತು, ಇಬ್ಬರೂ ಒಟ್ಟಿಗೆ ಹೊಳೆಗೆ ಬಿದ್ದರು.

"ಛೇ, ಗಾಳಿ!" ತಮ್ಮ ಮೇಜು ಗುದ್ದಿದ ಸದ್ದು ಕೇಳಿಸಿತು. ಯಾವ ಕೈಯಲ್ಲಿ ಗುದ್ದಿದನೋ. "ಗಾಳಿ ಲೆಕ್ಕ ಬಿಟ್ಟೆ. ತಪ್ಪು ನಂದು. ಇನ್ನೊಂದ್ ಸಲ."

ಇನ್ನೊಂದು ಸಲವೂ ಬಿದ್ದರು. ಅವಳ ಬೆರಳು ಅಭ್ಯಾಸಬಲದಿಂದ ಅವನನ್ನು ಕಾಪಾಡುವ ಗುಂಡಿಗಾಗಿ ಹುಡುಕಾಡಿ, ಅಂಥದ್ದು ಸಿಗದೆ ಸುಮ್ಮನಾಗುತ್ತಿತ್ತು. ಗಾಳಿ ನಿಲ್ಲಲಿ ಎಂದು ಇಬ್ಬರೂ ದಂಡೆಯಲ್ಲಿ ಕಾಯುತ್ತಿದ್ದಾಗ, ತಮ್ಮ ಯಾವ ಪೀಠಿಕೆಯೂ ಇಲ್ಲದೆ ಶುರುಮಾಡಿದ.

"ಅವತ್ತು ಬಿದ್ದೆನಲ್ಲ ಅಕ್ಕ. ಲಿಫ್ಟಿನ ಮೇಲೇ ಬಿದ್ದಿದ್ದು. ಎಲ್ಲ ಕೇಳಿಸ್ತಿತ್ತು. ಕೆಳಗಿಂದ ಕೂಗ್ತಿದ್ರು. ಬಾಯಿ ತೆಗೆದ್ರೆ ಸ್ವರ ಇಲ್ಲ. ಮುಗೀತು ಅನ್ಕೊಂಡೆ. ಇನ್ನೂ ಕೆಲವು ಸಲ ನಿದ್ದೆಯಿಂದ ಎದ್ದಾಗ, ಸ್ವರ ಇದೆಯಾ ಅಂತ ನೋಡೋಕೂ ಹೆದರಿಕೆ. ಅದಕ್ಕೇ ಸುಮ್ನಿರ್ತೀನಿ."

ಮುಲಾಮಕ್ಕನ ನಾಲಗೆ ತುದಿಗೆ ನೂರು ಸಮಾಧಾನ ಬಂದವು. ಒಂದನ್ನೂ ಆಡಲಿಲ್ಲ.

"ಆಮೇಲೆ?" ಎಂದಳು ಅಷ್ಟೆ.

ಅವನು ಹೇಳುತ್ತ ಹೋದ. ಅವಳು ಕೇಳುತ್ತ ಹೋದಳು. ಗಾಳಿ ಎಂದೋ ನಿಂತಿತ್ತು, ಇಬ್ಬರೂ ಗಮನಿಸಲಿಲ್ಲ. ಗಮನಿಸಿದಾಗ ತಮ್ಮ ಗಡಬಡಿಸಿ, "ಬಲಗಡೆ, ಬಲಗಡೆ" ಎಂದ. ಆ ಗಡಿಬಿಡಿಯಲ್ಲಿ ಮುಲಾಮಕ್ಕ ಎಡಗಡೆಯ ಅಗಲ ಹಲಗೆಯ ಮೇಲೆಯೇ ಕಾಲಿಟ್ಟಳು.

ಹೆಡ್‌ಫೋನಿನ ಆಚೆಯಿಂದ ತಮ್ಮನ ಹೆಂಡತಿಯ ಕೂಗು ಕೇಳಿಸಿತು, "ರೀ, ವ್ಯಾಯಾಮದವ್ರು ಬಂದಿದಾರೆ. ಇವತ್ತೂ ವಾಪಸ್ ಕಳಿಸ್ಲಾ?"

"ಬೇಡ ಕಣೇ, ಕೂರಿಸು!" ತಮ್ಮ ತಾನೂ ಕೂಗಿ ಹೇಳಿದ. "ಐದು ನಿಮಿಷ, ಬಂದೆ. ಇಲ್ಲಿ ನಮ್ಮಕ್ಕ ಹೊಳೆಗೆ ಬಿದ್ದಿದಾಳೆ."