ಹಣೆಯಂಚಿನ ಕೂದಲು

ಬೆಳಕು ಹರಿಯುವ ಹೊತ್ತಿಗೆ ಸುಮಿಎ ನೆಗಿಶಿ ಚೆರಿ ಮರದ ಹಲಗೆಯ ಮುಂದೆ ಮಂಡಿಯೂರಿ ಕೂತಾಗಿದೆ. ಟೋಕಿಯೊದ ಅರಕಾವಾದ ಈ ಓಣಿಯಲ್ಲಿ ಇಷ್ಟು ಬೇಗ ಎದ್ದಿರುವುದು ಅವರು ಮತ್ತು ಎದುರಿನ ತೋಫು ಅಂಗಡಿ ಮಾತ್ರ. ಹಲಗೆಯ ಮೇಲೆ ಹಳೆಯ ಕಾಲದ ಗಣಿಕೆಯೊಬ್ಬಳ ಚಿತ್ರ, ಮುಡಿಯ ತುಂಬ ಅಲಂಕಾರದ ಕಡ್ಡಿಗಳು, ನಡುಪಟ್ಟಿಯ ಗಂಟು ಮುಂದಕ್ಕೆ. ಸುಮಿಎ ಉಸಿರು ಬಿಗಿಹಿಡಿದು ಅವಳ ಹಣೆಯಂಚಿನಲ್ಲಿ ಸಣ್ಣ ಚಾಕು ಎಳೆಯುತ್ತಾರೆ. ಎರಡು ಗೀರುಗಳ ನಡುವೆ ಉಳಿಯುವ ಮರವೇ ಒಂದು ಕೂದಲು.

ಅಚ್ಚಿನ ಹಲಗೆ ಕೆತ್ತುವ ಈ ಮನೆಯಲ್ಲಿ ಒಂದು ಕಟ್ಟಳೆಯಿದೆ. ತಲೆ ಕೆತ್ತುವವರು ಹಿರಿಯ ಮೇಸ್ತ್ರಿ. ಮೈ, ಬಟ್ಟೆ ಉಳಿದವರ ಪಾಲು. ಚಿತ್ರಕಾರ ಮುಡಿಯ ಆಕಾರವಷ್ಟೇ ಬರೆದು ಕೈತೊಳೆದುಕೊಳ್ಳುತ್ತಾನೆ. ಒಂದೊಂದು ಕೂದಲೂ ಕೆತ್ತುವವರದೇ. ಹರೆಯದಲ್ಲಿ ಕೆಲಸಕ್ಕೆ ಸೇರಿದ ಸುಮಿಎಗೆ ಈಗ ಐವತ್ತೆಂಟು. ಕಳೆದ ಚಳಿಗಾಲದವರೆಗೂ ಅವರು ಕೆತ್ತಿದ್ದು ಬರೀ ಕಿಮೋನೊ. ಮೇಸ್ತ್ರಿ ಇವಾಮಿಯವರ ಕೈ ನಡುಗತೊಡಗಿದ ಮೇಲೆ ಮೊದಲ ತಲೆ ಸಿಕ್ಕಿತು.

"ಇದೊಂದು ಕೆತ್ತು. ಕೆಟ್ರೆ ವಾಪಸ್ ಬಟ್ಟೆಗೆ ಹೋಗು," ಎಂದಿದ್ದರು ಮೇಸ್ತ್ರಿ.

ಕೆಟ್ಟಿತು. ಬಟ್ಟೆಯ ಪಟ್ಟೆ ಕೆತ್ತಿ ಪಳಗಿದ ಕೈ ಹಣೆಯ ಮೇಲೂ ಪಟ್ಟೆಯನ್ನೇ ಎಳೆದಿತ್ತು. ಎಲ್ಲ ಕೂದಲೂ ಒಂದೇ ದಪ್ಪ, ಒಂದೇ ಅಂತರ. ಮೇಸ್ತ್ರಿ ಕಾಗದಕ್ಕೊತ್ತಿದ ಮೊದಲ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸುಮಿ, ಇವಳ ತಲೆಗೂ ಕಿಮೋನೊ ಹೊದಿಸಿದ್ದೀಯಲ್ಲೇ," ಎಂದರು. ಆದರೂ ತಿದ್ದಲು ಇನ್ನೊಂದು ಅವಕಾಶ ಕೊಟ್ಟರು.

ಹಲಗೆಗೆ ಬೋರಲಾಗಿ ಅಂಟಿಸಿದ ಮೂಲ ಚಿತ್ರ ಕೆತ್ತುವಾಗಲೇ ಚೂರಾಗಿ ಹೋಗಿತ್ತು. ಹಣೆಯಂಚಿನ ಮರವನ್ನು ಕೊರೆದು ತೆಗೆದು, ಹೊಸ ತುಂಡು ಕೂರಿಸಿ, ಚಿತ್ರದ ಗೆರೆಯ ನೆರವೇ ಇಲ್ಲದೆ ಕೆತ್ತಬೇಕಿತ್ತು. ಅದೂ ಕೆಟ್ಟರೆ ತಲೆಯ ಆಸೆಯನ್ನು ಬಿಟ್ಟೇಬಿಡಬೇಕು.

"ಅವತ್ತು ಸಂಜೆ," ಎನ್ನುತ್ತಾರೆ ಸುಮಿಎ, "ಓಣಿಯವರೆಲ್ಲ ಬರೋ ಸ್ನಾನದ ಮನೇಲಿ ಬಿಸಿನೀರಲ್ಲಿ ಕೂತು ಬರೀ ಹೆಂಗಸರ ಹಣೆ ನೋಡ್ತಿದ್ದೆ. ತೋಫು ಅಂಗಡಿ ಯಜಮಾನಿ ಕೇಳೇಬಿಟ್ರು, 'ಏನ್ರೀ, ನನ್ ಹಣೇಲಿ ಏನ್ ಬರ್ದಿದೆ ಅಂತ ಓದ್ತಿದ್ದೀರಾ?' ಅಂತ."

ಅವರು ಕಂಡುಕೊಂಡದ್ದು ಇಷ್ಟು: ಅಂಚಿನ ಕೂದಲು ಶಿಸ್ತಾಗಿ ನಿಲ್ಲುವುದಿಲ್ಲ. ಕೆಲವು ಎಳೆಯವು, ಕೆಲವು ಅಡ್ಡಬಿದ್ದವು, ನಡುನಡುವೆ ಬರಿದು. ಹಾಗೆಯೇ ಕೆತ್ತಿದರು. ಹೊಸ ಅಚ್ಚು ನೋಡಿದ ಮೇಸ್ತ್ರಿ ಹೊಗಳಲಿಲ್ಲ, ಅದು ಅವರ ಜಾಯಮಾನವಲ್ಲ. ತಮ್ಮ ಸಣ್ಣ ಚಾಕುವನ್ನು ಒರೆಸಿ ಸುಮಿಎ ಮುಂದಿಟ್ಟು, ಟೀ ಕಾಯಿಸಲು ತಾವೇ ಎದ್ದುಹೋದರು. ಕಿರಿಯರೇ ಟೀ ಕಾಯಿಸುವ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಇವತ್ತು ಸುಮಿಎ ಕೈಯಲ್ಲಿರುವುದು ಅದೇ ಚಾಕು.

ಅಚ್ಚಿನ ಮೂಲೆಯಲ್ಲಿ ಚಿತ್ರಕಾರನ ಹೆಸರಿದೆ, ಪ್ರಕಾಶಕರ ಮುದ್ರೆಯಿದೆ. ಸುಮಿಎ ಹೆಸರಿಲ್ಲ. ಇದು ಅನ್ಯಾಯವೇ, ಆದರೆ ಅವರು ಅದನ್ನು ತಲೆಗೆ ಹಚ್ಚಿಕೊಂಡಿಲ್ಲ. ಅವರ ಆಸೆ ಬೇರೆ.

"ಈ ಚಿತ್ರಗಳಲ್ಲಿ ಬರೋರೆಲ್ಲ ಇಪ್ಪತ್ತರ ಹುಡುಗೀರೇ," ಎಂದು ಹಲಗೆಯ ಹೊಟ್ಟು ಊದುತ್ತಾರೆ. "ಅವರಿಗೂ ವಯಸ್ಸಾಗಿರತ್ತಲ್ವಾ? ಯಾರಾದ್ರೂ ನನ್ ವಯಸ್ಸಿನವಳನ್ನ ಬರ್ದುಕೊಟ್ರೆ ಕೆತ್ತಬೇಕು. ಆ ಹಣೆ ನೋಡೋಕೆ ಸ್ನಾನದ ಮನೆಗೆ ಹೋಗ್ಬೇಕಾಗಿಲ್ಲ. ಮನೇಲೇ ಕನ್ನಡಿ ಇದೆ."